ಉಗುರುಸುತ್ತಿಗೆ ನಿಂಬೆಹಣ್ಣು, ಪಿನ್ನು ಅಂತ ಹತ್ತು ದಿನ ಕಳೆದೆ, ನೀವು ಹಾಗೆ ಮಾಡ್ಬೇಡಿ

ಬೆರಳುಗುರಿನ ಪಕ್ಕ ಕೆಂಪಾಗಿ ಊದಿ ನೋಯ್ತಿದೆ ಅನ್ನೋರು ನಿಂಬೆಹಣ್ಣಿಗೆ ತೂತು ಮಾಡೋಕೆ ಮುಂಚೆ ಇದನ್ನ ಓದಿ.

ನಮ್ದು ಸಾಗರದ ಕಡೆ. ಅಡಿಕೆ ಸುಲಿಗೆ ಶುರುವಾದ್ರೆ ರಾತ್ರಿ ಹತ್ತರ ತನಕ ಮೆಟ್ಟುಗತ್ತಿ ಹಾಕ್ಕೊಂಡು ಕೂರೋದೇ, ಹಸಿ ಅಡಿಕೆ ಸುಲಿದೂ ಸುಲಿದೂ ಬೆರಳೆಲ್ಲ ಕಪ್ಪಾಗಿ ಚರ್ಮ ನೆನೆದು ಮೆತ್ತಗಾಗಿರುತ್ತೆ. ಬಲಗೈ ತೋರುಬೆರಳಿನ ಉಗುರಿನ ಮೂಲೆ ಸಿಪ್ಪೆಯ ನಾರಿಗೆ ಸಿಕ್ಕಿ ಸಿಕ್ಕಿ ಎಳೀತಿತ್ತು ಅಂತ ಆ ಮೂಲೆನ ಕತ್ತರಿಲಿ ಆಳಕ್ಕೆ ಕತ್ತರಿಸಿದೆ, ಪಕ್ಕದಲ್ಲಿ ಎದ್ದಿದ್ದ ಚರ್ಮದ ಸಿಬಿರನ್ನ ಹಲ್ಲಲ್ಲಿ ಕಚ್ಚಿ ಎಳೆದೆ. ಮಾಡಿದ್ದು ಇಷ್ಟೇ.

ಮೂರನೇ ದಿನಕ್ಕೆ ಮುಟ್ಟಿದ್ರೆ ಜೀವ ಹೋಗೋ ಹಾಗೆ ನೋವು. ಅತ್ತೆ ನೋಡಿ "ಉಗುರುಸುತ್ತು ಕಣೆ, ನಿಂಬೆಹಣ್ಣಿಗೆ ಅರಿಶಿನ ಉಪ್ಪು ತುಂಬಿ ಸಿಕ್ಕಿಸ್ಕೋ, ಎಳೆಯುತ್ತೆ" ಅಂದ್ರು. ಅವರ ಕಾಲದಿಂದ ಎಲ್ಲರೂ ಮಾಡಿದ್ದೇ ಅದು, ಅವರನ್ನ ದೂರಲ್ಲ. ಆದ್ರೆ ನಾಲ್ಕು ದಿನ ಬೆರಳು ಹಣ್ಣಿನೊಳಗೇ ಇದ್ದಿದ್ರಿಂದ ಒಳಗೆ ಏನಾಗ್ತಿದೆ ಅಂತ ನಾನು ತೆಗೆದೇ ನೋಡ್ಲಿಲ್ಲ, ತೆಗೆದಾಗ ಚರ್ಮ ಬೆಳ್ಳಗೆ ನೆನೆದು ಉಗುರಂಚಲ್ಲಿ ಹಳದಿ ಕೀವು ಕಾಣ್ತಿತ್ತು. ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೇ ಮೂರು ದಿನದ ಆಂಟಿಬಯಾಟಿಕ್, ನೋವಿನ ಮಾತ್ರೆ ಕೊಟ್ರು. ಹಗಲು ನೋವು ಕಮ್ಮಿ ಆದಂಗಿರೋದು, ರಾತ್ರಿ ಮಲಗಿದ್ರೆ ಬೆರಳಲ್ಲೇ ಹೃದಯ ಇಟ್ಟಂಗೆ ಮಿಡಿಯೋದು. ಕೊನೆಗೆ ತಡಿಯೋಕಾಗ್ದೆ ಪಿನ್ನು ಕಾಯಿಸಿ ಚುಚ್ಚಿದೆ. ಒಂದು ಹನಿ ಬಂತು, ಅಬ್ಬಾ ಅಂದ್ಕೊಂಡೆ, ಮಾರನೇ ದಿನ ಬೆರಳ ತುದಿಯ ಮೆತ್ತನೆ ಭಾಗ ಪೂರ್ತಿ ಕಲ್ಲಿನಂಗೆ ಗಟ್ಟಿ, ಜೊತೆಗೆ ಜ್ವರ.

ಡಾಕ್ಟ್ರು ಎಕ್ಸ್‌ರೇ ಮಾಡ್ಸಿ ಮೂಳೆಗೆ ಇಳಿದಿಲ್ಲ ಅಂತ ನೋಡ್ಕೊಂಡು, ಸಕ್ಕರೆ ಟೆಸ್ಟ್ ಮಾಡ್ಸಿ, ಬೆರಳ ಬುಡಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕೊಯ್ದು ಕೀವು ತೆಗೆದ್ರು, ಒಳಗೆ ಚುಚ್ಕೊಂಡಿದ್ದ ಉಗುರಿನ ಚೂರನ್ನೂ ತೆಗೆದ್ರು. ನಾನು ಆಳಕ್ಕೆ ಕತ್ತರಿಸಿದಾಗ ಮೂಲೇಲಿ ಉಳಿದಿದ್ದ ಮುಳ್ಳಿನಂಥ ತುದಿ ಅದು, ಉಗುರು ಬೆಳೀತಾ ಬೆಳೀತಾ ಮಾಂಸಕ್ಕೆ ಹೊಕ್ಕಿತ್ತು. ಅವ್ರು ಹೇಳಿದ ಒಂದು ಮಾತು ಇನ್ನೂ ಕಿವೀಲಿದೆ, ಕೀವು ಕಟ್ಟಿದ ಮೇಲೆ ಅದು ಹೊರಗೆ ಬರ್ಲೇಬೇಕು, ಬರೀ ಮಾತ್ರೆಗೆ ಕರಗಲ್ಲ.

ಹಾಗಾದ್ರೆ ಮೊದಲ ದಿನ ಏನ್ ಮಾಡ್ಬೇಕಿತ್ತು ಅಂತ ಕೇಳ್ದೆ. ಕೀವಿಲ್ಲದೆ ಬರೀ ಕೆಂಪು, ಊತ ಇದ್ದಾಗ ತಡ್ಕೊಳ್ಳೋವಷ್ಟು ಬಿಸಿ ನೀರಲ್ಲಿ ದಿನಕ್ಕೆ ಮೂರ್ನಾಲ್ಕು ಸಲ, ಸಲಕ್ಕೆ 10ರಿಂದ 15 ನಿಮಿಷ ಬೆರಳು ಅದ್ದಿ, ಆಮೇಲೆ ಚೆನ್ನಾಗಿ ಒರೆಸಿ ಒಣಗಿಸ್ಬೇಕು, ತುಂಬಾ ಜನಕ್ಕೆ ಇಷ್ಟಕ್ಕೇ ಇಳಿಯುತ್ತಂತೆ. ಒಂದೆರಡು ದಿನಕ್ಕೆ ಇಳೀಲಿಲ್ಲ, ಕೀವು ಕಾಣ್ತು, ಕೆಂಪು ಕೈ ಕಡೆಗೆ ಹತ್ತುತಿದೆ, ಬೆರಳು ಮಡಚೋಕೆ ಆಗ್ತಿಲ್ಲ ಅಂದ್ರೆ ಅವತ್ತೇ ಹೋಗಿ. ಶುಗರ್ ಇರೋರು ಬಿಸಿನೀರು ಅಂತಾನೂ ಕಾಯ್ಬೇಡಿ, ಸೀದಾ ತೋರಿಸಿ. ಇನ್ನೊಂದು, ಕೀವಿನ ಬದಲು ತಿಳಿನೀರಿನ ಸಣ್ಣ ಸಣ್ಣ ಗುಳ್ಳೆ ಗುಂಪಾಗಿ ಎದ್ದಿದ್ರೆ ಅದು ಹರ್ಪಿಸ್ ವೈರಸ್ಸಿಂದ ಇರಬಹುದು, ಅದನ್ನ ಚುಚ್ಚೋದು ಕೊಯ್ಯೋದು ಮಾಡ್ಲೇಬಾರ್ದು.

ಈಗ ಉಗುರನ್ನ ಸ್ನಾನ ಆದ್ಮೇಲೆ ಮೆತ್ತಗಿದ್ದಾಗ ಕತ್ತರಿಸ್ತೀನಿ, ಬೆರಳ ತುದಿಗಿಂತ ಒಳಗೆ ಹೋಗಲ್ಲ, ಮೂಲೆ ಅಗೆಯಲ್ಲ, ಚೂಪಿದ್ರೆ ಉಜ್ಜಿ ನುಣ್ಣಗೆ ಮಾಡ್ತೀನಿ. ಸಿಬಿರು ಎದ್ರೆ ಎಳೆಯಲ್ಲ, ಬುಡಕ್ಕೆ ಕಟ್ಟರಲ್ಲಿ ಕತ್ತರಿಸಿ ಕೊಬ್ಬರಿ ಎಣ್ಣೆ ಹಚ್ತೀನಿ. ಸುಲಿಗೆಗೆ, ಪಾತ್ರೆ ತೊಳೆಯೋಕೆ ಒಳಗೆ ಹತ್ತಿ ಗ್ಲೌಸ್ ಹಾಕಿ ಮೇಲೆ ರಬ್ಬರಿಂದು, ಬರೀ ರಬ್ಬರಾದ್ರೆ ಒಳಗೇ ಬೆವೆತು ಮತ್ತೆ ಕೈ ನೆನೆಯುತ್ತೆ. ನಮ್ಮಲ್ಲಿ ಸುಲಿಯೋಕೆ ಬರೋ ಅಕ್ಕಂಗೆ ತಿಂಗಳುಗಟ್ಟಲೆ ಉಗುರಿನ ಬುಡ ಊದೇ ಇರೋದು, ಅದು ಸದಾ ನೀರಲ್ಲಿ ಕೈ ಇರೋರಿಗೆ ಬರೋ ಬೇರೆ ಥರದ್ದು, ಅದಕ್ಕೂ ಮೊದಲ ಮದ್ದು ಕೈ ಒಣಗಿಸಿಡೋದೇ ಅಂತೆ. ಅವ್ರಿಗೂ ಒಂದು ಜೊತೆ ಗ್ಲೌಸ್ ತಂದ್ಕೊಟ್ಟಿದೀನಿ.

ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಅಷ್ಟೇ ಬೆಳೆಯೋದು. ಡಾಕ್ಟ್ರು ಚೂರು ತೆಗೆದ ಕಡೆ ನಂದು ಇನ್ನೂ ಅರ್ಧಕ್ಕೆ ಬಂದಿದೆ.