ಯುವಿ ಡೈ ಕಿಟ್: ಎಣ್ಣೆ ಸೋರುವ ಜಾಗ ತೋರಿಸುತ್ತದೆ, ಎಂಜಿನ್ ತೊಳೆದಿದ್ದರೆ ಮಾತ್ರ

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದ ಗಾಡಿಯ ಅಡಿಗೆ ಬಗ್ಗಿ ನೋಡಿದರೆ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹೇಳುವುದು ಕಷ್ಟ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಮೇಲೆ ಕೆಮ್ಮಣ್ಣಿನ ಧೂಳು ಕೂತು ಎಂಜಿನ್ನಿನ ಹಿಂಬದಿಯೆಲ್ಲ ಒಂದೇ ಹೆಂಟೆಯಾಗಿರುತ್ತದೆ. ಎಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನಲ್ಲಿ ಜಿನುಗಿದ್ದು ಗೇರ್‌ಬಾಕ್ಸಿನ ಹತ್ತಿರ ತೊಟ್ಟಿಕ್ಕುತ್ತದೆ. ನೋಡಿದವರು ರಿಯರ್ ಮೇನ್ ಸೀಲ್ (ಎಂಜಿನ್ನು ಗೇರ್‌ಬಾಕ್ಸಿಗೆ ಕೂಡುವಲ್ಲಿನ ಎಣ್ಣೆ ತಡೆಯುವ ಸೀಲ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದುಬಿಡುತ್ತಾರೆ. ಆ ಖರ್ಚಿಗೆ ಕೈ ಹಾಕುವ ಮೊದಲು ಯುವಿ ಡೈ ಕಿಟ್, ಅಂದರೆ ಅತಿನೇರಳೆ ಬೆಳಕಿಗೆ ಹೊಳೆಯುವ ಬಣ್ಣದ ಕಿಟ್, ಬಳಸಿ ನೋಡುವುದು ಲಾಭದ ಕೆಲಸ.

ಕಿಟ್ಟಿನಲ್ಲಿ ಇರುವುದು ಮೂರೇ: ಡೈ ಬಾಟಲಿ, ಟಾರ್ಚು, ಹಳದಿ ಕನ್ನಡಕ. ಡೈ ಬಗ್ಗೆ ದೂರಿಲ್ಲ. ಅದು ಎಣ್ಣೆಯಲ್ಲಿ ಬೆರೆತು, ಎಣ್ಣೆ ಹೊರಬಂದ ಕಡೆಯೆಲ್ಲ ಟಾರ್ಚಿನ ಬೆಳಕಿಗೆ ಹಳದಿ-ಹಸಿರಾಗಿ ಹೊಳೆಯುತ್ತದೆ. ಸೋಲುವುದು ಟಾರ್ಚು. ಅಗ್ಗದ ಕಿಟ್ಟುಗಳಲ್ಲಿ ಬರುವುದು 395 ನ್ಯಾನೊಮೀಟರ್ ತರಂಗಾಂತರದ ಬೆಳಕಿನದು. ಅದರ ನೇರಳೆ ಬೆಳಕೇ ಕಣ್ಣು ತುಂಬಿ ಸಣ್ಣ ಜಿನುಗು ಮುಚ್ಚಿಹೋಗುತ್ತದೆ. 365 ನ್ಯಾನೊಮೀಟರಿನ ಟಾರ್ಚು ಬೇರೆಯಾಗಿ ಕೊಂಡರೆ ಕೆಲಸ ಅರ್ಧ ಮುಗಿದಂತೆ. ಹಳದಿ ಕನ್ನಡಕ ಆಟದ ಸಾಮಾನಿನ ಹಾಗೆ ಕಂಡರೂ ಹಾಕಿಕೊಳ್ಳಿ: ನೇರಳೆಯನ್ನು ತಡೆದು ಹೊಳಪನ್ನಷ್ಟೇ ಬಿಡುತ್ತದೆ.

ಡೈ ಸುರಿಯುವ ಮೊದಲು ಎಂಜಿನ್ ತೊಳೆಯಲೇಬೇಕು. ತೊಳೆಯದೆ ಹಾಕಿ, ಕಿಟ್ ಸರಿಯಿಲ್ಲ ಎಂದು ಬೈಯುವವರೇ ಜಾಸ್ತಿ. ಎಂಜಿನ್ ತಣ್ಣಗಾದ ಮೇಲೆ ಆಲ್ಟರ್ನೇಟರ್, ಸೆನ್ಸರ್ ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ, ಡಿಗ್ರೀಸರ್ ಅಥವಾ ಸೀಮೆಎಣ್ಣೆಯಲ್ಲಿ ಬ್ರಶ್ ಅದ್ದಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಸೀಮೆಎಣ್ಣೆ ಆರುವ ಮುಂಚೆ ಸ್ಟಾರ್ಟ್ ಮಾಡಬೇಡಿ, ಬೆಂಕಿಯ ಭಯವಿದೆ. ಗಾಡಿ ಎತ್ತುವುದಾದರೆ ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಮಳೆಗಾಲದ ಅಂಗಳದಲ್ಲಿ ಜ್ಯಾಕ್ ಮಣ್ಣಿಗೆ ಇಳಿಯುತ್ತದೆ, ಅಡಿಗೆ ದಪ್ಪ ಹಲಗೆ ಬೇಕು. ಜಾರದಿರಲೆಂದು ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಮೇಲಂತೂ ಜ್ಯಾಕ್ ನಿಲ್ಲಿಸಬೇಡಿ, ಸೀಳಿಹೋಗುತ್ತದೆ.

ಅಳತೆ: 4ರಿಂದ 5 ಲೀಟರ್ ಎಣ್ಣೆಗೆ ಸುಮಾರು 30 ಮಿಲಿ. 3 ಲೀಟರ್ ಹಿಡಿಯುವ ಚಿಕ್ಕ ಕಾರಿಗೆ 20 ಸಾಕು, 1 ಲೀಟರಿನ ಬೈಕಿಗೆ 6ರಿಂದ 7. ಬೈಕಿನ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ವೆಟ್ ಕ್ಲಚ್ಚಿಗೆ ಆಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿದ್ದರೆ ಮಾತ್ರ ಹಾಕಿ. ಡೀಸೆಲ್ ಪಿಕಪ್‌ಗಳಲ್ಲಿ ಮಸಿಗಟ್ಟಿದ ಎಣ್ಣೆ ಹೊಳಪನ್ನೇ ನುಂಗುತ್ತದೆ. ಅವಕ್ಕೆ ಎಣ್ಣೆ ಬದಲಿಸುವಾಗಲೇ ಡೈ ಬೆರೆಸುವುದು ಸರಿ. ಹಾಕಿದ ಮೇಲೆ 15 ನಿಮಿಷ ಓಡಿಸಿ ನೋಡಿ, ಕಾಣದಿದ್ದರೆ ಒಂದೆರಡು ದಿನ ಓಡಿಸಿ, ಸಾಧ್ಯವಾದರೆ ಘಟ್ಟ ಹತ್ತಿಸಿ. ಏರಿನಲ್ಲಿ ಎಣ್ಣೆ ಕಾದು ತೆಳ್ಳಗಾಗುತ್ತದೆ, ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗೂಡಿನ) ಒತ್ತಡವೂ ಏರುತ್ತದೆ. ಸಪಾಟು ರಸ್ತೆಯಲ್ಲಿ ಅಡಗಿದ್ದ ಸೋರಿಕೆ ಆಗ ಹೊರಬೀಳುತ್ತದೆ. ನೋಡುವುದಕ್ಕೆ ಕತ್ತಲೆ ಬೇಕು. ಜುಲೈನಲ್ಲಿ ಶಿರಸಿ ಕಡೆ ಅದಕ್ಕೇನೂ ಕೊರತೆಯಿಲ್ಲ, ಕರೆಂಟೇ ಹೋಗಿರುತ್ತದೆ.

ಹೊಳೆಯುವ ಜಾಗಗಳಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದೋ ಅದೇ ಮೂಲ. ರೇಡಿಯೇಟರಿನ ಹಸಿರು ಕೂಲಂಟ್ ಕೂಡ ಹೊಳೆಯುವುದುಂಟು. ಬೆರಳಲ್ಲಿ ಮುಟ್ಟಿ ಜಿಡ್ಡು ನೋಡಿ. ಎಣ್ಣೆ ಇಳಿಸುವ ಡ್ರೈನ್ ಬೋಲ್ಟಿನ ಬಳಿಯಾದರೆ ವಾಷರ್ ಬದಲಿಸಿ, ಬೋಲ್ಟನ್ನು ಮತ್ತಷ್ಟು ಬಿಗಿದು ಅಲ್ಯೂಮಿನಿಯಂ ಮರೆ (ತಿರುಪಿನ ಗೆರೆ) ಕೀಳಬೇಡಿ. ಫಿಲ್ಟರಿನ ಸುತ್ತ ಇದ್ದರೆ ಹಳೆಯ ರಬ್ಬರ್ ರಿಂಗು ಅಲ್ಲೇ ಅಂಟಿಕೊಂಡು ಹೊಸದರ ಜೊತೆ ಎರಡಾಗಿರಬಹುದು. ಆಯಿಲ್ ಪ್ರೆಶರ್ ಸ್ವಿಚ್ಚನ್ನೂ ಮರೆಯಬೇಡಿ. ಕಾರವಾರ, ಅಂಕೋಲಾದ ಉಪ್ಪುಗಾಳಿಯಲ್ಲಿ ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತಗಡಿನ ಆಯಿಲ್ ಪ್ಯಾನ್ ತುಕ್ಕು ಹಿಡಿದು ತೂತಾಗುತ್ತದೆ. ಆಗ ಪ್ಯಾನೇ ಬದಲಾಗಬೇಕು. ಟ್ಯಾಪೆಟ್ ಕವರಿನ ಅಂಚಾದರೆ ಹೊಸ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ಹಾಕುವ ಮೊದಲು ಎಂಜಿನ್ನೊಳಗಿನ ಒತ್ತಡ ಹೊರಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿ. ಒಳಗೆ ಟಕಟಕ ಸದ್ದಿಲ್ಲದಿದ್ದರೆ ಮಸಿ ಕಟ್ಟಿದೆ ಎಂದೇ ತಿಳಿಯಿರಿ. ಅದನ್ನು ಹಾಗೇ ಬಿಟ್ಟರೆ ಹೊಸ ಗ್ಯಾಸ್ಕೆಟ್ಟನ್ನೂ ಒತ್ತಡ ಹೊರದೂಡುತ್ತದೆ. ಚಿಕ್ಕ ಕಾರುಗಳ ಕವರ್ ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 11 ನ್ಯೂಟನ್ ಮೀಟರ್ ಸಾಕು, ನಿಮ್ಮ ಗಾಡಿಯದು ಮ್ಯಾನುಯಲ್‌ನಲ್ಲಿರುತ್ತದೆ. ನಡುವಿನಿಂದ ಶುರುಮಾಡಿ ಹೊರಕ್ಕೆ ಬಿಗಿಯುತ್ತ ಬನ್ನಿ.

ಕಿಟ್ಟಿನ ಜೊತೆ ಅಂಗಡಿಯವರು ಕೈಗಿಡುವ ಇನ್ನೊಂದು ವಸ್ತು ಆರ್‌ಟಿವಿ ಸಿಲಿಕೋನ್, ಅಂದರೆ ಸಂದಿ ಮುಚ್ಚಲು ಹಚ್ಚುವ ಅಂಟು. ತ್ರೀಬಾಂಡ್ 1215ರಂಥ ಎಂಜಿನ್ ದರ್ಜೆಯದು ಒಳ್ಳೆಯದು. ವಿನೆಗರ್ ವಾಸನೆಯ ಬಾತ್‌ರೂಮ್ ಸಿಲಿಕೋನ್ ಲೋಹವನ್ನು ತಿನ್ನುತ್ತದೆ, ಬೇಡ. ರಬ್ಬರ್ ಗ್ಯಾಸ್ಕೆಟ್ಟಿಗೆ ಇಡೀ ಬಳಿಯುವುದು ತಪ್ಪು. ಟೈಮಿಂಗ್ ಕವರ್ ಮತ್ತು ಹೆಡ್ ಕೂಡುವ ಮೂಲೆಗಳಲ್ಲಿ ಒಂದು ಚುಕ್ಕಿ ಸಾಕು. ಗ್ಯಾಸ್ಕೆಟ್ ಇಲ್ಲದ ಪ್ಯಾನಿಗೆ 2ರಿಂದ 3 ಮಿಲಿಮೀಟರ್ ಗೆರೆ, ಬೋಲ್ಟ್ ತೂತಿನ ಒಳಬದಿಯಿಂದ. ಹೆಚ್ಚಾದದ್ದು ಒಳಗೆ ಕಿತ್ತುಬಿದ್ದು ಎಣ್ಣೆ ಹೀರುವ ಜಾಲರಿಗೆ ಅಡ್ಡಬಂದರೆ ಎಂಜಿನ್ನೇ ಹೋಯಿತು. ಇದು ಗಾಳಿಯ ತೇವದಿಂದ ಗಟ್ಟಿಯಾಗುವ ವಸ್ತು. ನಮ್ಮ ಮಳೆಗಾಲದಲ್ಲಿ ಬೇಗ ತೊಗಲು ಕಟ್ಟುತ್ತದೆ, ಆದ್ದರಿಂದ ಗೆರೆ ಎಳೆದ ಕೂಡಲೇ ಜೋಡಿಸಿ. ಆದರೆ ಲೋಹದ ಮೇಲೆ ಬೆವರಿನಂತೆ ಕೂತ ನೀರಿನ ಮೇಲೆ ಹಚ್ಚಿದರೆ ಹಿಡಿಯುವುದಿಲ್ಲ. ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿಯೇ ಹಚ್ಚಿ, 24 ಗಂಟೆ ಬಿಟ್ಟು ಎಣ್ಣೆ ತುಂಬಿ.

ಎಣ್ಣೆಗೆ ಬೆರೆಸುವ ಸ್ಟಾಪ್ ಲೀಕ್ ಬಾಟಲಿ ಕೊಳ್ಳುವ ಮೊದಲು ಯೋಚಿಸಿ. ಗಟ್ಟಿಯಾದ ರಬ್ಬರ್ ಸೀಲನ್ನು ಉಬ್ಬಿಸಿ ಕೆಲಕಾಲ ತಡೆಯಬಲ್ಲದು. ಹರಿದ ಪೇಪರ್ ಗ್ಯಾಸ್ಕೆಟ್ಟಿಗೆ, ತೂತಾದ ಪ್ಯಾನಿಗೆ ಅದರಿಂದ ಏನೂ ಆಗದು.

ಡೈ ಮುಂದಿನ ಎಣ್ಣೆ ಬದಲಾವಣೆವರೆಗೂ ಒಳಗೇ ಇರುತ್ತದೆ. ರಿಪೇರಿ ಮುಗಿದ ಮೇಲೆ ಹಳೆಯ ಕಲೆ ತೊಳೆದು, ವಾರ ಬಿಟ್ಟು ಅದೇ ಟಾರ್ಚು ಹಾಯಿಸಿ. ಮೇಲೆಲ್ಲ ಒಣಗಿದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕೆಳಸಂದಿಯಲ್ಲಿ ಮಾತ್ರ ಹೊಳಪು ಕಂಡರೆ, ಗೇರ್‌ಬಾಕ್ಸ್ ಇಳಿಸಬೇಕು ಎಂದವರ ಮಾತಿಗೆ ಆಗ ಒಪ್ಪಬಹುದು.