ಹಾಸನದ ಬಂಗಾಳಿ ಮೆಸ್ಸು: ಹಬ್ಬದ ದಿನ ನೋಡ್ಕೊಂಡು ಹೋಗಿ

ಸಂತೆಪೇಟೆ ಕಡೆ ಒಂದು ಸಂದೀಲಿ ಬಂಗಾಳಿ ಮೆಸ್ಸು ಇದೆ, ಬೋರ್ಡ್ ಏನೂ ಇಲ್ಲ, ಬಿಲ್ಡಿಂಗ್ ಕೆಲಸಕ್ಕೆ ಬಂದಿರೋ ಹುಡುಗ್ರೇ ಜಾಸ್ತಿ ಬರೋದು. ಮಾಮೂಲಿ ದಿನ ಎರಡು ಸಲ ಊಟ ಮಾಡಿದ್ದೆ, ಅನ್ನ, ಬೇಳೆ, ಮೀನು ಸಾರು, ಪರವಾಗಿಲ್ಲ ಅಷ್ಟೇ, ಸಾಸಿವೆ ಎಣ್ಣೆ ಅಭ್ಯಾಸ ಇಲ್ದೋರಿಗೆ ಮೊದಲ ತುತ್ತು ಕಷ್ಟ.

ಆದ್ರೆ ಈ ಸಲ ಹಾಸನಾಂಬೆ ಬಾಗಿಲು ತೆಗೆದಿದ್ದಾಗ ನಾನೂ ಅತ್ತಿಗೆನೂ ನಾಲ್ಕು ಗಂಟೆ ಕ್ಯೂನಲ್ಲಿ ನಿಂತು ದರ್ಶನ ಮುಗಿಸಿ ಹೊಟ್ಟೆ ಹಸ್ಕೊಂಡು ಸೀದಾ ಅಲ್ಲಿಗೆ ಹೋದ್ವಿ, ಅವತ್ತು ನರಕ ಚತುರ್ದಶಿ. ಎಲೆಗೆ ಮೊದಲು ಬಿದ್ದಿದ್ದು ಸೊಪ್ಪಿನ ಪಲ್ಯ, ಅದೂ ಒಂದು ಸೊಪ್ಪಲ್ಲ, 14 ಸೊಪ್ಪು. ಚೊದ್ದೊ ಶಾಕ್ ಅಂತಾರೆ. ಬಂಗಾಳದಲ್ಲಿ ಆ ದಿನ ಭೂತ ಚತುರ್ದಶಿ, ಹಿಂದಿನ 14 ತಲೆಮಾರಿನವರನ್ನ ನೆನೆದು 14 ದೀಪ ಹಚ್ಚಿ 14 ಬಗೆ ಸೊಪ್ಪು ಬೇಯಿಸಿ ತಿಂತಾರೆ. ಅವರ ಕಡೆ ಸೊಪ್ಪೆಲ್ಲ ಇಲ್ಲಿ ಎಲ್ಲಿ ಸಿಗಬೇಕು, ಮೆಸ್ಸು ನಡೆಸೋ ದಾದಾ (ಬಂಗಾಳೀಲಿ ಅಣ್ಣ), ಮಾರ್ಕೆಟ್ಟಿನ ಸೊಪ್ಪಿನ ಅಜ್ಜಿ ಹತ್ರ ದಂಟು, ಹೊನಗೊನ್ನೆ, ನುಗ್ಗೆ, ಗಣಿಕೆ, ಒಂದೆಲಗ ಅಂತ ಸಿಕ್ಕಿದ್ದೆಲ್ಲ ತಂದು ಲೆಕ್ಕ ತುಂಬಿಸಿದ್ರು. ಅತ್ತಿಗೆ ಬಾಯಿಗಿಟ್ಟಿದ್ದೇ "ಇದು ನಮ್ಮ ಬೆರಕೆ ಸೊಪ್ಪೇ ಅಲ್ವೇನಪ್ಪ" ಅಂದ್ರು. ಸ್ವಲ್ಪ ಕಹಿ, ತುಂಬಾ ರುಚಿ, ನಾನಂತೂ ಎರಡು ಸಲ ಹಾಕಿಸ್ಕೊಂಡೆ.

ಮಾರನೇ ದಿನ ಅಮಾವಾಸ್ಯೆ. ನಮಗೆ ಲಕ್ಷ್ಮಿ ಪೂಜೆ, ಅವರು ಲಕ್ಷ್ಮೀನ ಆಶ್ವಯುಜ ಹುಣ್ಣಿಮೆಗೇ ಪೂಜಿಸಿರ್ತಾರೆ, ಈ ರಾತ್ರಿ ಕಾಳಿದು. ಹತ್ತು ಗಂಟೆಗೆ ಬನ್ನಿ ಅಂದಿದ್ರು, ಊಟ ಬಂದಿದ್ದು ಹನ್ನೆರಡೂವರೆಗೆ, ಪೂಜೆ ನಡುರಾತ್ರೀಲೇ ಆಗೋದಂತೆ, ಅದನ್ನ ಮೊದಲೇ ಹೇಳಬೇಕಿತ್ತು. ಮಟನ್ನಿಗೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸಿಲ್ಲ, ಶುಂಠಿ ಜೀರಿಗೆ ಇಂಗು ಮಾತ್ರ. ಕಾಳಿಗೆ ಬಲಿ ಕೊಟ್ಟ ಮಾಂಸ ಪ್ರಸಾದ ಅಲ್ವಾ, ಅದಕ್ಕೇ ಹಾಗೆ ಮಾಡ್ತಾರೆ, ಹೆಸರೇ ನಿರಾಮಿಷ್ ಮಾಂಗ್ಶೊ, ಅಂದ್ರೆ ಸಸ್ಯಾಹಾರಿ ಮಾಂಸ. ಇಲ್ಲಿ ಬಲಿ ಇಲ್ಲ, ಅಂಗಡಿ ಮಟನ್ನೇ, ಮಾಡೋ ಕ್ರಮ ಅದೇ. ಮಾರಿಹಬ್ಬದ ಬಾಡೂಟ ಉಂಡು ಬೆಳೆದ ನನಗೆ ಬೆಳ್ಳುಳ್ಳಿ ಇಲ್ಲದ ಮಟನ್ ಇಷ್ಟು ಘಮ್ ಅನ್ನುತ್ತೆ ಅಂತ ಗೊತ್ತೇ ಇರಲಿಲ್ಲ ಕಣ್ರೀ.

ದಾದಾನ ಹೆಂಡ್ತಿ ಬೌದಿ (ಅತ್ತಿಗೆ) ಮಾತ್ರ ಅದನ್ನ ಮುಟ್ಟಲ್ಲ, ವೈಷ್ಣವರು, ಕೊರಳಲ್ಲಿ ತುಳಸಿಮಾಲೆ, ಬೇರೆ ಒಲೇಲಿ ಖಿಚುಡಿ ಮತ್ತೆ ಲಾಬ್ರಾ ಅಂತ ಬೆರಕೆ ತರಕಾರಿ ಪಲ್ಯ ಮಾಡಿದ್ರು. ಇಬ್ಬರೂ ನದಿಯಾ ಜಿಲ್ಲೆಯವರು. ಅಲ್ಲಿನ ನವದ್ವೀಪದಲ್ಲೇ 1486ರಲ್ಲಿ ಕೃಷ್ಣಭಕ್ತಿ ಹರಡಿದ ಚೈತನ್ಯರು ಹುಟ್ಟಿದ್ದು, ಇವತ್ತು ಬಂಗಾಳಿಗಳು ಪೂಜಿಸೋ ಕಾಳಿ ರೂಪ ಕೊಟ್ಟೋರು ಅಂತ ಹೇಳೋ ಕೃಷ್ಣಾನಂದ ಆಗಮವಾಗೀಶರದೂ ಅದೇ ಊರು. ಒಂದೇ ಊರಿನ ಆ ಎರಡು ದಾರಿ ಈ ಪುಟ್ಟ ಅಡುಗೆಮನೇಲಿ ಎರಡು ಒಲೆ ಆಗಿದೆ.

ಗೋಡೆ ಮೇಲೆ ಕಲ್ಕತ್ತಾ ಹತ್ರದ ದಕ್ಷಿಣೇಶ್ವರದ ಕಾಳಿ, ಭವತಾರಿಣಿ ಫೋಟೋ. ಆ ಗುಡಿ ಕಟ್ಟಿಸಿದ ರಾಣಿ ರಾಸಮಣಿ ಶೂದ್ರರು ಅಂತ ಎಣಿಸ್ತಿದ್ದ ಕೈವರ್ತ ಜಾತಿಯವರು ಅನ್ನೋ ಒಂದೇ ಕಾರಣಕ್ಕೆ ಅಲ್ಲಿ ದೇವಿಗೆ ಅನ್ನ ನೈವೇದ್ಯ ಮಾಡಕೂಡದು ಅಂದ್ರು ಪಂಡಿತರು. ರಾಮಕೃಷ್ಣರ ಅಣ್ಣ ರಾಮಕುಮಾರರು, ಗುಡೀನ ಬ್ರಾಹ್ಮಣರಿಗೆ ದಾನ ಕೊಟ್ರೆ ಆಗುತ್ತೆ ಅಂತ ದಾರಿ ಹೇಳಿ, 1855ರಲ್ಲಿ ಪ್ರತಿಷ್ಠೆ ಆಗಿ, ಅವರೇ ಪೂಜೆಗೂ ನಿಂತ್ರು. ತನ್ನ ದುಡ್ಡಲ್ಲಿ ಕಟ್ಟಿಸಿದ ಗುಡೀಲಿ ತಾಯಿಗೆ ಒಂದು ತುತ್ತು ಅನ್ನ ಇಡೋಕೆ ಆ ಹೆಣ್ಣುಮಗಳು ಅಷ್ಟು ಪಾಡು ಪಡಬೇಕಿತ್ತಾ, ದಾದಾ ಹೇಳ್ತಿದ್ರೆ ಹೊಟ್ಟೆ ಉರೀತು. ಅವತ್ತು ರಾತ್ರಿ ನಾವು, ಗಾರೆ ಕೆಲಸದ ಹುಡುಗ್ರು, ಪಕ್ಕದ ಅಂಗಡಿ ಸಾಬರು ಎಲ್ಲ ಒಂದೇ ಸಾಲಲ್ಲಿ ಕೂತು ಉಂಡ್ವಿ.

ಊಟ 120, ಮಟನ್ ಹಾಕಿಸ್ಕೊಂಡ್ರೆ 250. ಕೈ ತೊಳೆಯೋಕೆ ಒಂದೇ ನಲ್ಲಿ, ಪಾರ್ಸೆಲ್ ಬೇಡ, ಎಣ್ಣೆ ಸೋರುತ್ತೆ. ಹಬ್ಬದ ಊಟಕ್ಕೆ ಐದಕ್ಕೆ ಐದು, ಮಾಮೂಲಿ ದಿನಕ್ಕೆ ಮೂರು. ಇನ್ನು ವಸಂತ ಪಂಚಮಿಗೆ ಸರಸ್ವತಿ ಪೂಜೆ ಖಿಚುಡಿ ಇದೆ. ದೇವಿಗೆ ಇಡೋವರೆಗೂ ಅವರು ಎಲಚಿ ಹಣ್ಣು ಬಾಯಿಗೆ ಹಾಕಲ್ಲ, ಅವತ್ತು ಅದರ ಚಟ್ನಿ ಮಾಡ್ತಾರೆ. ಎರಡು ದಿನ ಮುಂಚೆ ಹೇಳಿಡಿ, ನಾವು ಆಗಲೇ ನಾಲ್ಕು ಎಲೆ ಹೇಳಿದೀವಿ.