ಕಡಿಮೆ ಬಳಕೆಯ ಫೋನಿಗೆ ಪ್ರೀಪೇಯ್ಡೋ, ಕರಾರೋ?

ದಿನಕ್ಕೆ ಎರಡು ಮೂರು ಕರೆ, ವಾರಕ್ಕೆ ನಾಲ್ಕಾರು ಎಸ್ಸೆಮ್ಮೆಸ್, ಮನೆಯಲ್ಲಿ ವೈಫೈ ಇರುವುದರಿಂದ ಮೊಬೈಲ್ ಡೇಟಾ ಹೊರಗೆ ಹೋದಾಗ ಮಾತ್ರ. ಬಳಕೆ ಇಷ್ಟೇ ಇದ್ದರೆ ಯಾವುದು ಲಾಭ, ಮೊದಲೇ ದುಡ್ಡು ಹಾಕಿಸುವ ಪ್ರೀಪೇಯ್ಡೋ, ತಿಂಗಳ ಕೊನೆಗೆ ಬಿಲ್ಲು ಬರುವ ಕರಾರೋ (ಪೋಸ್ಟ್‌ಪೇಯ್ಡ್)? ಎರಡನ್ನೂ ಬಳಸಿ, ಬಿಲ್ಲು ಮತ್ತು ಕರೆಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದಾಗ ಪ್ರೀಪೇಯ್ಡೇ ಮುಂದಿದೆ. ಆದರೆ ಎಲ್ಲಾ ಪ್ರೀಪೇಯ್ಡೂ ಅಲ್ಲ.

ಕರೆಗೆ ಬಿಡಿಯಾಗಿ ದುಡ್ಡು ಕೊಡುವ ಪ್ಲ್ಯಾನ್ ಆದರೆ ಮೊದಲು ನೋಡಬೇಕಾದದ್ದು ಪಲ್ಸ್, ಅಂದರೆ ಕರೆಯ ದುಡ್ಡನ್ನು ಸೆಕೆಂಡಿನ ಲೆಕ್ಕದಲ್ಲಿ ಎಣಿಸುತ್ತಾರೋ, ನಿಮಿಷದ ಲೆಕ್ಕದಲ್ಲೋ ಅನ್ನುವುದು. ಒಟ್ಟು ಎಷ್ಟು ನಿಮಿಷ ಮಾತಾಡಿದಿರಿ ಅನ್ನುವುದಕ್ಕಿಂತ ಎಷ್ಟು ಸಲ ಕರೆ ಮಾಡಿದಿರಿ ಅನ್ನುವುದೇ ಇಲ್ಲಿ ಮುಖ್ಯ. 20 ಸೆಕೆಂಡಿನ 30 ಕರೆ ಅಂದರೆ 10 ನಿಮಿಷದ ಮಾತು. ಸೆಕೆಂಡ್ ಪಲ್ಸ್ ಇದ್ದರೆ 10 ನಿಮಿಷಕ್ಕೇ ದುಡ್ಡು, ನಿಮಿಷದ ಪಲ್ಸ್ ಇದ್ದರೆ 30 ನಿಮಿಷಕ್ಕೆ. "ಹೊರಟೆ, ಬಾಗಿಲು ತೆಗೆದಿಡು" ಅನ್ನುವಂಥ ಚುಟುಕು ಕರೆಗಳೇ ಹೆಚ್ಚಿರುವವರು ನಿಮಿಷಕ್ಕೆ ಎಷ್ಟು ದರ ಅಂತ ಕೇಳುವ ಮೊದಲು ಪಲ್ಸ್ ಯಾವುದು ಅಂತ ಕೇಳಬೇಕು.

ಎಸ್ಸೆಮ್ಮೆಸ್‌ನಲ್ಲೂ ಇಂಥದ್ದೇ ಪೆಟ್ಟು ಬೀಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗಿ ಒಡೆದು, ಒಂದೊಂದು ತುಂಡನ್ನೂ ಒಂದೊಂದು ಸಂದೇಶವಾಗಿ ಎಣಿಸುತ್ತಾರೆ. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ಬರುತ್ತೇನೆ" ಅನ್ನುವುದು ಕಣ್ಣಿಗೆ ನಾಲ್ಕು ಅಕ್ಷರ, ನೆಟ್‌ವರ್ಕ್‌ಗೆ 9. ಇಂಗ್ಲಿಷ್ ಸಂದೇಶದ ಕೊನೆಗೆ ಒಂದೇ ಒಂದು ಇಮೋಜಿ ಸೇರಿಸಿದರೂ ಮಿತಿ 70ಕ್ಕೆ ಇಳಿಯುತ್ತದೆ. ಎಸ್ಸೆಮ್ಮೆಸ್‌ಗೆ ಬಿಡಿಬಿಡಿಯಾಗಿ ದುಡ್ಡು ಕೊಡುವ ಪ್ಲ್ಯಾನ್ ಆದರೆ ಇದನ್ನು ಮರೆಯಬೇಡಿ.

ಇನ್ನು ವ್ಯಾಲಿಡಿಟಿ. 28 ದಿನದ ಪ್ಯಾಕ್ ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕು. ಕರಾರಿನ ಬಿಲ್ಲು 12. ಹಾಗಾಗಿ ತಿಂಗಳ ಮೊತ್ತ ಹೋಲಿಸಬೇಡಿ, ತೆರಿಗೆ ಸೇರಿಸಿ ವರ್ಷದ ಮೊತ್ತ ಹೋಲಿಸಿ. ಕಡಿಮೆ ಬಳಸುವವರಿಗೆ ಹೇಳಿಮಾಡಿಸಿದ್ದು ಡೇಟಾ ಕಡಿಮೆ, ವ್ಯಾಲಿಡಿಟಿ ಉದ್ದ ಇರುವ ಪ್ಯಾಕ್. ದಿನಕ್ಕಿಷ್ಟು ಜಿಬಿ ಅಂತ ಕೊಡುವ ಪ್ಯಾಕ್‌ನಲ್ಲಿ ಉಳಿದ ಡೇಟಾ ಸಾಮಾನ್ಯವಾಗಿ ಆ ರಾತ್ರಿಯೇ ಹೋಗುತ್ತದೆ. ಬಳಸದೆ ಬಿಟ್ಟಿದ್ದಕ್ಕೂ ದುಡ್ಡು ಕೊಟ್ಟಂತೆ.

ಪ್ರೀಪೇಯ್ಡ್ ಕೈಕೊಡುವುದು ಎರಡು ಕಡೆ. ವ್ಯಾಲಿಡಿಟಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವುದು, ಕೊನೆಗೆ ನಂಬರೇ ಬೇರೆಯವರ ಪಾಲಾಗುತ್ತದೆ. ಬ್ಯಾಂಕಿನ ಒಟಿಪಿ ಆ ನಂಬರಿಗೇ ಬರುತ್ತಿದ್ದರೆ ಪಜೀತಿ. ಮುಗಿಯುವ 3 ದಿನ ಮೊದಲಿಗೇ ಫೋನಿನಲ್ಲಿ ರಿಮೈಂಡರ್ ಹಾಕಿಡಿ. ಎರಡನೆಯದು, ಕೆಲವು ಪ್ಲ್ಯಾನ್‌ಗಳಲ್ಲಿ ಡೇಟಾ ಪ್ಯಾಕ್ ಮುಗಿದ ಕೂಡಲೇ ಮುಖ್ಯ ಬ್ಯಾಲೆನ್ಸ್‌ಗೆ ಕತ್ತರಿ ಬೀಳುತ್ತದೆ, ಅದೂ ದುಬಾರಿ ದರದಲ್ಲಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಮಿತಿ ಹಾಕಿ, ಆ್ಯಪ್ ಅಪ್‌ಡೇಟ್ ವೈಫೈಗೆ ಮಾತ್ರ ಬಿಡಿ, ವಿಡಿಯೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ.

ಕರಾರಿನಲ್ಲಿ ಫೋನ್ "ಉಚಿತ" ಅಂದರೆ ನಂಬುವ ಮೊದಲು ಒಂದು ಕಳೆಯುವ ಲೆಕ್ಕ ಮಾಡಿ. ಫೋನ್ ಸಮೇತದ ತಿಂಗಳ ಬಾಡಿಗೆಯಿಂದ, ಅಷ್ಟೇ ಸೌಲಭ್ಯದ ಬರೀ ಸಿಮ್‌ನ ಬಾಡಿಗೆ ಕಳೆದು ಕರಾರು ಎಷ್ಟು ತಿಂಗಳದ್ದೋ ಅಷ್ಟರಿಂದ (ಎರಡು ವರ್ಷದ್ದಾದರೆ 24) ಗುಣಿಸಿ, ಮುಂಗಡ ಕೊಟ್ಟಿದ್ದರೆ ಅದನ್ನೂ ಸೇರಿಸಿ. ಬಂದದ್ದೇ ಆ ಫೋನಿನ ನಿಜವಾದ ಬೆಲೆ. ಅವಧಿ ಮುಗಿದ ಮೇಲೂ ಅದೇ ಬಾಡಿಗೆ ಮುಂದುವರಿಯುತ್ತದೆಯೇ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಇವೆರಡನ್ನು ಸಹಿ ಹಾಕುವ ಮೊದಲೇ ಕೇಳಿ. ಮೊದಲ ಬಿಲ್ಲು ದೊಡ್ಡದಾಗಿ ಬಂದರೆ ಗಾಬರಿ ಬೇಡ, ಆ ತಿಂಗಳ ಉಳಿದ ದಿನಗಳ ಜೊತೆ ಮುಂದಿನ ತಿಂಗಳದ್ದೂ ಸೇರಿರಬಹುದು.

ಆದರೂ ಪದೇ ಪದೇ ಹೊರದೇಶಕ್ಕೆ ಹೋಗುವವರಿಗೆ, ರೀಚಾರ್ಜ್ ಮರೆತೇ ಬಿಡುವ ಹಿರಿಯರಿಗೆ ಕರಾರೇ ವಾಸಿ. ಅಂಥವರು ಬರೀ ಸಿಮ್‌ನ, ತಿಂಗಳ ನೋಟಿಸ್‌ನಲ್ಲಿ ಬಿಡಬಹುದಾದ ಪ್ಲ್ಯಾನ್ ಹಿಡಿದು, ಬಿಲ್ಲಿಗೆ ಮೇಲ್ಮಿತಿ ಹಾಕಿಸಲಿ.

ಕಂಪನಿ ಬದಲಾಯಿಸುವಾಗ ಹಳೆಯ ಸಂಪರ್ಕವನ್ನು ಮೊದಲೇ ರದ್ದು ಮಾಡಿಸಬೇಡಿ, ನಂಬರ್ ಹೋಗುತ್ತದೆ. ಪೋರ್ಟ್ ಮಾಡಿಸಿ, ಅಂದರೆ ಅದೇ ನಂಬರನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ, ಹಳೆಯದು ತಾನಾಗಿಯೇ ಮುಚ್ಚುತ್ತದೆ. ಪ್ರೀಪೇಯ್ಡ್ ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ, ಮೊದಲೇ ಖರ್ಚು ಮಾಡಿ ಮುಗಿಸಿ. ಕರಾರಿನಲ್ಲಿ ಬಂದ ಫೋನ್ ಒಂದೇ ನೆಟ್‌ವರ್ಕ್‌ಗೆ ಲಾಕ್ ಆಗಿರಬಹುದು. ಬೇರೆ ಕಂಪನಿಯ ಸಿಮ್ ಹಾಕಿ ಕರೆ ಹೋಗುತ್ತದೆಯೇ ಅಂತ ನೋಡಿಕೊಂಡ ಮೇಲೆ ಪೋರ್ಟ್‌ಗೆ ಅರ್ಜಿ ಕೊಡಿ.